ಗೇಟ್ ಇದೆ, ಕ್ಲಬ್‌ಹೌಸ್ ಇದೆ... ನೀರೆಲ್ಲಿ? ಕೋಲಾರ ಜಿಲ್ಲೆಯ ಹೊಸ ಲೇಔಟ್‌ಗಳ ಒಳಲೆಕ್ಕ

ಕೋಲಾರ: ಹೊಸಕೋಟೆ ದಾಟಿ ರಾಷ್ಟ್ರೀಯ ಹೆದ್ದಾರಿ 75ರಲ್ಲಿ ಮುಳಬಾಗಿಲು ಕಡೆ ಬಂದರೆ ಸಾಕು, ಎರಡೂ ಬದಿ ಬೋರ್ಡುಗಳ ಸಾಲು. ಗೇಟೆಡ್ ಕಮ್ಯುನಿಟಿ, ವಿಲ್ಲಾ ಪ್ಲಾಟ್, ಫಾರ್ಮ್ ಲ್ಯಾಂಡ್, ಟೌನ್‌ಶಿಪ್. ಈಜುಕೊಳದ ಫೋಟೋ, ನಗುತ್ತಿರುವ ಕುಟುಂಬದ ಫೋಟೋ, ಕೆಳಗೊಂದು ಮೊಬೈಲ್ ನಂಬರ್. ಮಾಲೂರು ರಸ್ತೆಯಲ್ಲೂ ಇದೇ ಕತೆ. ಶ್ರೀನಿವಾಸಪುರದ ಕಡೆ ಹೋದರೆ ಈಜುಕೊಳದ ಜಾಗಕ್ಕೆ ಮಾವಿನ ತೋಪಿನ ಚಿತ್ರ ಬರುತ್ತದೆ, ಅಷ್ಟೇ ವ್ಯತ್ಯಾಸ.

ಬೋರ್ಡಿನಲ್ಲಿ ಇಲ್ಲದ್ದು ಒಂದೇ. ಕುಡಿಯೋ ನೀರು ಎಲ್ಲಿಂದ ಬರುತ್ತದೆ ಅನ್ನೋದು.

ಶಾಶ್ವತ ನದಿ ಇಲ್ಲದ ಜಿಲ್ಲೆ ಇದು. ಇಲ್ಲಿ ನೂರಾರು ಮನೆಗಳ ಬಡಾವಣೆ ಕಟ್ಟೋದು ಅಂದರೆ ಮೊದಲು ನೀರಿನ ಪ್ರಶ್ನೆ, ಆಮೇಲೆ ಜಮೀನಿನ ಪ್ರಶ್ನೆ, ಕೊನೆಗೆ ಕ್ಲಬ್‌ಹೌಸ್ ಪ್ರಶ್ನೆ. ಆದರೆ ಮಾರಾಟ ನಡೆಯುತ್ತಿರೋದು ಪೂರ್ತಿ ಉಲ್ಟಾ ಕ್ರಮದಲ್ಲಿ.

ಯಾಕಿಷ್ಟು ಬೇಡಿಕೆ?

ಕಾರಣ ಗುಟ್ಟೇನಲ್ಲ. ನರಸಾಪುರ ಕೈಗಾರಿಕಾ ಪ್ರದೇಶದಲ್ಲಿ ಹೋಂಡಾ ಬೈಕ್ ಕಾರ್ಖಾನೆ ಇದೆ. ಹಿಂದೆ ವಿಸ್ಟ್ರಾನ್ ಆಗಿದ್ದ ಐಫೋನ್ ಜೋಡಣೆ ಘಟಕ ಈಗ ಟಾಟಾ ಕೈಯಲ್ಲಿದೆ. ವೇಮಗಲ್ ಭಾಗದಲ್ಲೂ ಕಂಪನಿಗಳು ಬಂದಿವೆ. ಇದರ ಜೊತೆಗೆ ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್‌ವೇ. ರಾಜ್ಯದೊಳಗಿನ ಸುಮಾರು 71 ಕಿಲೋಮೀಟರ್ ಭಾಗ ಹೊಸಕೋಟೆಯಿಂದ ಮಾಲೂರು, ಬಂಗಾರಪೇಟೆ, ಬೇತಮಂಗಲದ ಕಡೆಗೆ ಹಾದುಹೋಗುತ್ತದೆ. ವೈಟ್‌ಫೀಲ್ಡ್‌ನಲ್ಲಿ ಕೆಲಸ ಮಾಡೋರಿಗೆ ಮಾಲೂರು ಈಗ ದೂರದ ಊರಲ್ಲ.

ಇನ್ನೊಂದು ಕಾರಣ ಕಾನೂನಿನದು. ಕೃಷಿಕರಲ್ಲದವರು ಕೃಷಿ ಭೂಮಿ ಕೊಳ್ಳೋದಕ್ಕೆ ಅಡ್ಡಿಯಾಗಿದ್ದ ಭೂ ಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳನ್ನು 2020ರಲ್ಲಿ ಸರ್ಕಾರ ತೆಗೆದುಹಾಕಿತು. ಅಲ್ಲಿಂದ ಮುಳಬಾಗಿಲು, ಶ್ರೀನಿವಾಸಪುರದಂಥ ದೂರದ ತಾಲೂಕುಗಳ ಹೊಲಗಳೂ ಬೆಂಗಳೂರಿನವರ ವಾಟ್ಸ್‌ಆ್ಯಪ್‌ಗೆ ಬಂದವು.

ಇಲ್ಲೇ ಒಂದು ಮಾತು. ‘ಎಕ್ಸ್‌ಪ್ರೆಸ್‌ವೇ ಪಕ್ಕದಲ್ಲೇ ಸಾರ್’ ಅಂತ ಏಜೆಂಟ್ ಹೇಳಿದರೆ ಅದು ನಿಜವೇ ಇರಬಹುದು. ಆದರೆ ಅದು ಪ್ರವೇಶ ನಿಯಂತ್ರಿತ ರಸ್ತೆ. ಇಂಟರ್‌ಚೇಂಜ್ ಇರೋ ಕಡೆ ಮಾತ್ರ ಹತ್ತಬಹುದು, ಇಳಿಯಬಹುದು. ಪಕ್ಕದಲ್ಲಿ ಮನೆ ಇದ್ದೋರಿಗೆ ಸಿಗೋದು ಗಾಡಿಗಳ ಸದ್ದು ಮಾತ್ರ. ಸೈಟ್‌ನಿಂದ ಇಂಟರ್‌ಚೇಂಜ್‌ಗೆ ಎಷ್ಟು ಕಿಲೋಮೀಟರ್, ನಡುವಿನ ರಸ್ತೆ ಹೇಗಿದೆ ಅನ್ನೋದೇ ಕೇಳಬೇಕಾದ ಲೆಕ್ಕ.

ಐನೂರು ಮನೆ, ದಿನಕ್ಕೆ 45 ಟ್ಯಾಂಕರ್

ಸರಳ ಲೆಕ್ಕ ಹಾಕೋಣ. ನಗರ ಪ್ರದೇಶದಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ನೀರು ಅನ್ನೋದು ಸರ್ಕಾರಿ ಮಾನದಂಡ. 500 ಮನೆಗಳ ಬಡಾವಣೆ, ಮನೆಗೆ ನಾಲ್ಕು ಜನ ಅಂದರೆ 2,000 ಜನ. ದಿನಕ್ಕೆ 2,70,000 ಲೀಟರ್ ಬೇಕು. 6,000 ಲೀಟರ್ ಹಿಡಿಸೋ ಟ್ಯಾಂಕರ್ ಆದರೆ ದಿನಾ 45 ಲೋಡ್. ಈಜುಕೊಳ, ಹುಲ್ಲುಹಾಸು ಈ ಲೆಕ್ಕದಲ್ಲಿ ಇಲ್ಲ.

ಅದೇ ಬಡಾವಣೆಯ ಕಾಂಪೌಂಡ್ ಆಚೆ ಇರೋ ಹಳ್ಳಿಗೆ ಜಲಜೀವನ್ ಮಿಷನ್ ಇಟ್ಟಿರೋ ಗುರಿ ಒಬ್ಬರಿಗೆ 55 ಲೀಟರ್. ಗೋಡೆಯ ಈ ಕಡೆ 135, ಆ ಕಡೆ 55. ಆದರೆ ಬೋರ್‌ವೆಲ್ ಎಳೆಯೋದು ಒಂದೇ ನೆಲದಡಿಯ ನೀರನ್ನ.

ಅಂತರ್ಜಲದ ಅತಿಬಳಕೆ ಆಗಿರೋ ಜಿಲ್ಲೆಗಳ ಪಟ್ಟಿಯಲ್ಲಿ ಕೋಲಾರದ ಹೆಸರು ವರ್ಷಗಳಿಂದ ಇದೆ. ಅಂದರೆ ಮಳೆಯಿಂದ ಇಂಗೋದಕ್ಕಿಂತ ಮೇಲೆ ಎತ್ತೋದು ಜಾಸ್ತಿ. 2011ರ ಅಂತರ್ಜಲ ಕಾಯ್ದೆ ಪ್ರಕಾರ ಅಧಿಸೂಚಿತ ತಾಲೂಕುಗಳಲ್ಲಿ ಹೊಸ ಬೋರ್‌ವೆಲ್ ಕೊರೆಸೋಕೆ ಅನುಮತಿ ಬೇಕು. ಸಿಕ್ಕ ನೀರಿನಲ್ಲೂ ಹಲವು ಕಡೆ ಫ್ಲೋರೈಡ್. ಹಳ್ಳಿ ಹಳ್ಳಿಯಲ್ಲಿ ಶುದ್ಧ ನೀರಿನ ಘಟಕಗಳು ಬಂದಿದ್ದು ಸುಮ್ಮನೆ ಅಲ್ಲ.

ನೀರಿನ ಬಗ್ಗೆ ಕೇಳಿದರೆ ಏಜೆಂಟರ ಬಾಯಲ್ಲಿ ಮೂರು ಹೆಸರು ಬರುತ್ತವೆ. ಮೂರನ್ನೂ ಒಂದೊಂದಾಗಿ ನೋಡಬೇಕು.

ಮೊದಲನೆಯದು ಕೆ.ಸಿ. ವ್ಯಾಲಿ. 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ಮೊದಲು ನೀರು ಬಂತು. ಆಮೇಲೆ ನರಸಾಪುರ ಸೇರಿ ಅನೇಕ ಕೆರೆ ತುಂಬಿದವು, ಬತ್ತಿದ್ದ ಬೋರ್‌ವೆಲ್‌ಗಳಲ್ಲಿ ನೀರು ಕಂಡಿತು. ರೈತರಿಗೆ ಅನುಕೂಲ ಆಗಿದೆ, ಅದನ್ನು ಅಲ್ಲಗಳೆಯೋಕೆ ಆಗಲ್ಲ. ಆದರೆ ಅದು ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತ ಸಂಸ್ಕರಿಸಿ ಬಿಟ್ಟ ನೀರು. ಯೋಜನೆಯ ಉದ್ದೇಶವೇ ಕೆರೆ ತುಂಬಿಸಿ ಅಂತರ್ಜಲ ಹೆಚ್ಚಿಸೋದು. ಕುಡಿಯೋಕೆ ಕೊಡೋ ನೀರು ಅದಲ್ಲ. ಮೂರನೇ ಹಂತದ ಸಂಸ್ಕರಣೆ ಮಾಡಿ ಅಂತ ಜಿಲ್ಲೆಯ ಹೋರಾಟಗಾರರು ಕೇಳುತ್ತಾ ಬಂದಿರೋದು ಇದೇ ಕಾರಣಕ್ಕೆ. ಕೆರೆ ಪಕ್ಕದ ಸೈಟಿಗೆ ‘ಲೇಕ್ ವ್ಯೂ’ ಅಂತ ಜಾಸ್ತಿ ರೇಟ್ ಹೇಳೋರು ಆ ಕೆರೆಯಲ್ಲಿ ಯಾವ ನೀರಿದೆ ಅನ್ನೋದನ್ನೂ ಹೇಳಬೇಕು.

ಎರಡನೆಯದು ಯರಗೋಳ್. ಬಂಗಾರಪೇಟೆ ತಾಲೂಕಿನಲ್ಲಿ ಮಾರ್ಕಂಡೇಯ ನದಿಗೆ ಕಟ್ಟಿದ ಈ ಡ್ಯಾಂ 2023ರ ನವೆಂಬರ್‌ನಲ್ಲಿ ಉದ್ಘಾಟನೆ ಆಯಿತು. ಇದು ಕೋಲಾರ, ಬಂಗಾರಪೇಟೆ, ಮಾಲೂರು ಪಟ್ಟಣಗಳಿಗೆ ಮತ್ತು ದಾರಿಯಲ್ಲಿನ ಹಳ್ಳಿಗಳಿಗೆ ಅಂತ ಮಾಡಿದ ಯೋಜನೆ. ಪಟ್ಟಣದಿಂದ ಎಂಟು ಹತ್ತು ಕಿಲೋಮೀಟರ್ ಆಚೆ ಹೊಲದಲ್ಲಿ ಎದ್ದ ಖಾಸಗಿ ಬಡಾವಣೆಗೆ ಅದರ ಪೈಪ್ ತಾನಾಗೇ ಬರಲ್ಲ.

ಮೂರನೆಯದು ಎತ್ತಿನಹೊಳೆ. 2014ರಲ್ಲಿ ಶಂಕುಸ್ಥಾಪನೆ. 2024ರ ಸೆಪ್ಟೆಂಬರ್‌ನಲ್ಲಿ ಸಕಲೇಶಪುರದ ಕಡೆ ಮೊದಲ ಹಂತಕ್ಕೆ ಚಾಲನೆ. ಕೋಲಾರದ ಜನ ಈಗಲೂ ಕಾಯುತ್ತಿದ್ದಾರೆ. ಇನ್ನೂ ಬಾರದ ನೀರನ್ನು ನಂಬಿ 20 ವರ್ಷದ ಸಾಲಕ್ಕೆ ಸಹಿ ಹಾಕೋದು ಹೇಗೆ?

‘ಡಿ.ಸಿ. ಕನ್ವರ್ಟೆಡ್’ ಅಂದರೆ ಅರ್ಧ ಮಾತ್ರ

ನೀರಾದ ಮೇಲೆ ಜಮೀನು. ಹೆಚ್ಚಿನವರು ಎಡವೋದು ಇಲ್ಲೇ.

ಬೋರ್ಡಿನ ಮೇಲೆ ‘ಡಿ.ಸಿ. ಕನ್ವರ್ಟೆಡ್’ ಅಂತ ದಪ್ಪ ಅಕ್ಷರದಲ್ಲಿ ಇರುತ್ತದೆ. ಅದರ ಅರ್ಥ, ಭೂ ಕಂದಾಯ ಕಾಯ್ದೆಯ 95ನೇ ಕಲಂ ಪ್ರಕಾರ ಕೃಷಿ ಜಮೀನನ್ನು ವಸತಿಗೆ ಬಳಸೋಕೆ ಅನುಮತಿ ಸಿಕ್ಕಿದೆ ಅಂತ. ಅಷ್ಟಕ್ಕೆ ಲೇಔಟ್ ಆಗಲ್ಲ. ರಸ್ತೆ ಎಷ್ಟು ಅಗಲ, ಪಾರ್ಕ್ ಎಲ್ಲಿ, ನಾಗರಿಕ ಸೌಲಭ್ಯದ ನಿವೇಶನ ಎಲ್ಲಿ ಅಂತ ನಗರಾಭಿವೃದ್ಧಿ ಪ್ರಾಧಿಕಾರವೋ ಯೋಜನಾ ಪ್ರಾಧಿಕಾರವೋ ನಕ್ಷೆಗೆ ಒಪ್ಪಿಗೆ ಕೊಡಬೇಕು. ಆಮೇಲೆ ಕೆಲಸ ಆದಂತೆ ಹಂತ ಹಂತವಾಗಿ ಸೈಟುಗಳನ್ನು ಬಿಡುಗಡೆ ಮಾಡಬೇಕು. ತನ್ನ ನಂಬರಿನ ಸೈಟ್ ಬಿಡುಗಡೆ ಆಗಿದೆಯೋ ಇಲ್ಲವೋ ಅನ್ನೋದನ್ನ ಖರೀದಿದಾರ ಕೇಳೋದೇ ಇಲ್ಲ.

ಒಂದು ಎಕರೆ ಅಂದರೆ 43,560 ಚದರಡಿ. ರಸ್ತೆ, ಪಾರ್ಕು, ಸೌಲಭ್ಯಕ್ಕೆ ಬಿಟ್ಟು ಶೇ 55ರಷ್ಟು ಮಾರೋಕೆ ಉಳಿಯುತ್ತದೆ ಅಂತ ಇಟ್ಟುಕೊಂಡರೆ 30–40 ಅಳತೆಯ ಸುಮಾರು 20 ಸೈಟು ಆಗುತ್ತವೆ. ಎಕರೆಗೆ 25, 28 ಸೈಟ್ ಹಾಕಿರೋ ನಕ್ಷೆ ತೋರಿಸಿದರೆ ಪಾರ್ಕ್ ಎಲ್ಲಿ ಹೋಯಿತು ಅಂತ ಕೇಳೋದು ತಪ್ಪಲ್ಲ.

ಹಳ್ಳಿ ವ್ಯಾಪ್ತಿಯಲ್ಲಿ ಇ–ಸ್ವತ್ತು ದಾಖಲೆಯ ವ್ಯತ್ಯಾಸವೂ ಗೊತ್ತಿರಬೇಕು. ಕ್ರಮಬದ್ಧ ಆಸ್ತಿಗೆ ನಮೂನೆ 9 ಮತ್ತು 11ಎ. ಅನುಮೋದನೆ ಇಲ್ಲದ್ದಕ್ಕೆ 11ಬಿ. ಎರಡಕ್ಕೂ ತೆರಿಗೆ ಕಟ್ಟಿಸಿಕೊಳ್ಳುತ್ತಾರೆ, ಹಾಗಂತ ಎರಡೂ ಒಂದೇ ಅಲ್ಲ. 11ಬಿ ಸೈಟಿಗೆ ಬ್ಯಾಂಕ್ ಸಾಲ ಸಿಗೋದು ಕಷ್ಟ. ‘ಬ್ಯಾಂಕ್ ಯಾಕ್ ಸಾರ್, ನಾವೇ ಫೈನಾನ್ಸ್ ಮಾಡಿಸ್ಕೊಡ್ತೀವಿ’ ಅನ್ನೋ ಮಾತು ಬಂತು ಅಂದರೆ, ಬ್ಯಾಂಕಿನ ವಕೀಲ ಆ ಕಾಗದಗಳನ್ನ ನೋಡಿದ್ದಾನಾ ಅಂತ ಕೇಳಬೇಕು.

ಇನ್ನೊಂದು ನಂಬಿಕೆ, ‘ರಿಜಿಸ್ಟ್ರೇಷನ್ ಆಗೋಯ್ತಲ್ಲ, ಇನ್ನೇನು’ ಅನ್ನೋದು. ಸಬ್ ರಿಜಿಸ್ಟ್ರಾರ್ ಕಚೇರಿ ಪತ್ರವನ್ನು ನೋಂದಣಿ ಮಾಡುತ್ತದೆ. ಮಾರಿದವನಿಗೆ ಮಾರೋ ಹಕ್ಕು ಇತ್ತು ಅಂತ ಗ್ಯಾರಂಟಿ ಕೊಡಲ್ಲ.

ಈ ಜಿಲ್ಲೆಯಲ್ಲಿ ಪಿಟಿಸಿಎಲ್ ಮರೆಯುವಂತಿಲ್ಲ

2011ರ ಜನಗಣತಿ ಪ್ರಕಾರ ಕೋಲಾರ ಜಿಲ್ಲೆಯಲ್ಲಿ ಪರಿಶಿಷ್ಟ ಜಾತಿಯವರ ಪ್ರಮಾಣ ಶೇ 30ರಷ್ಟು. ಸರ್ಕಾರ ಹಿಂದೆ ದಲಿತ ಕುಟುಂಬಗಳಿಗೆ ಮಂಜೂರು ಮಾಡಿದ ಜಮೀನು ಇಲ್ಲಿ ತಾಲೂಕು ತಾಲೂಕಲ್ಲೂ ಇದೆ. ಅದನ್ನು ಸರ್ಕಾರದ ಪೂರ್ವಾನುಮತಿ ಇಲ್ಲದೆ ಮಾರಿದರೆ 1978ರ ಪಿಟಿಸಿಎಲ್ ಕಾಯ್ದೆ ಪ್ರಕಾರ ಆ ಮಾರಾಟವೇ ಅಸಿಂಧು. ಉಪವಿಭಾಗಾಧಿಕಾರಿ ಜಮೀನನ್ನು ಮೂಲ ಮಂಜೂರಾತಿದಾರರಿಗೆ ವಾಪಸ್ ಕೊಡಿಸಬಹುದು.

ಎಷ್ಟು ವರ್ಷದೊಳಗೆ ಅರ್ಜಿ ಹಾಕಬೇಕು ಅನ್ನೋ ಜಗಳ ಬಹಳ ದಿನದ್ದು. ಸಮಂಜಸ ಕಾಲಾವಧಿಯೊಳಗೆ ಬರಬೇಕು ಅಂತ ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿತು. ದಲಿತ ಸಂಘಟನೆಗಳ ಹೋರಾಟದ ಬಳಿಕ 2023ರಲ್ಲಿ ರಾಜ್ಯ ಸರ್ಕಾರ ತಿದ್ದುಪಡಿ ತಂದು, ಕಾಲಮಿತಿ ಇಲ್ಲ ಅಂದಿತು. ವಿಳಂಬದ ವಿಚಾರ ಕೋರ್ಟುಗಳಲ್ಲಿ ಆಮೇಲೂ ಚರ್ಚೆ ಆಗುತ್ತಲೇ ಇದೆ.

ಲೇಔಟ್‌ನವರು ಇದನ್ನ ‘ಕಿರಿಕಿರಿ’ ಅಂತಾರೆ. ಆದರೆ ಮಗಳ ಮದುವೆಗೋ ಆಸ್ಪತ್ರೆಗೋ ಅಂತ ಕಡಿಮೆ ದುಡ್ಡಿಗೆ ಜಮೀನು ಕಳೆದುಕೊಂಡ ಕುಟುಂಬಕ್ಕೆ ಅದು ಉಳಿದಿರೋ ಒಂದೇ ದಾರಿ. ಅವರ ಹಕ್ಕು ಒಂದು ಕಡೆ, ಗೊತ್ತಿಲ್ಲದೆ ಸೈಟ್ ಕೊಂಡವರ ಸಾಲ ಇನ್ನೊಂದು ಕಡೆ. ಇಬ್ಬರ ನಡುವೆ ದುಡ್ಡು ಮಾಡಿಕೊಂಡವರು ಅಷ್ಟು ಹೊತ್ತಿಗೆ ಬೇರೆ ಪ್ರಾಜೆಕ್ಟ್‌ಗೆ ಹೋಗಿರುತ್ತಾರೆ. ಹಾಗಾಗಿ ಮೂಲ ಮಂಜೂರಾತಿ ಕಡತ, ಹಳೇ ಮ್ಯುಟೇಷನ್‌ಗಳನ್ನು ನೋಡದೆ ಈ ಜಿಲ್ಲೆಯಲ್ಲಿ ಅಡ್ವಾನ್ಸ್ ಕೊಡೋದು ದುಡುಕು.

ಶ್ರೀನಿವಾಸಪುರದ ಪಾಠ ಇನ್ನೊಂದು. 2023ರಲ್ಲಿ ಅರಣ್ಯ ಇಲಾಖೆ ಒತ್ತುವರಿ ತೆರವು ಅಂತ ಆ ತಾಲೂಕಿನಲ್ಲಿ ಫಸಲು ಕೊಡುತ್ತಿದ್ದ ಮಾವಿನ ಮರಗಳನ್ನೇ ಕಡಿಸಿತು. ಎಷ್ಟೋ ವರ್ಷದಿಂದ ಉಳುತ್ತಿದ್ದೇವೆ ಅಂದ ರೈತರು ಬೀದಿಗೆ ಬಂದರು. ಇಲಾಖೆ ಸರಿಯೋ ರೈತರು ಸರಿಯೋ ಅನ್ನೋ ವಾದ ಬೇರೆ. ತೋಪು ಇದೆ, ಬೇಲಿ ಇದೆ, ಸ್ವಾಧೀನ ಇದೆ ಅನ್ನೋದರಿಂದ ಮಾಲೀಕತ್ವ ಇದೆ ಅಂತ ಆಗಲ್ಲ ಅನ್ನೋದಂತೂ ಎಲ್ಲರಿಗೂ ಗೊತ್ತಾಯಿತು. ಮಾವಿನ ತೋಪಿನ ನಡುವೆ ವಿಲ್ಲಾ ಅನ್ನೋ ಜಾಹೀರಾತು ನೋಡೋರು ಸರ್ವೆ ನಂಬರ್ ಅರಣ್ಯದ್ದೋ, ಗೋಮಾಳವೋ ಅಂತ ಮೊದಲು ನೋಡಿಕೊಳ್ಳಬೇಕು.

ಫಾರ್ಮ್ ಲ್ಯಾಂಡ್ ಅಂತ ಮಾರೋದಕ್ಕೆ ಇನ್ನೂ ಒಂದು ತೊಡಕಿದೆ. ಅದು ಕೃಷಿ ಜಮೀನಾಗೇ ಉಳಿಯುತ್ತದೆ. ಹಿಡುವಳಿಯ ಶೇ 10ರಷ್ಟು ಜಾಗದಲ್ಲಿ ಮಾತ್ರ ತೋಟದ ಮನೆ ಕಟ್ಟೋಕೆ ಕಾನೂನಿನಲ್ಲಿ ಅವಕಾಶ. ಕಾಂಪೌಂಡ್ ಹಾಕಿ, ಗೇಟ್ ಇಟ್ಟು ‘ಕಮ್ಯುನಿಟಿ’ ಅಂತ ಕರೆದ ಮಾತ್ರಕ್ಕೆ ಅದು ವಸತಿ ಬಡಾವಣೆ ಆಗಲ್ಲ.

ರೇರಾ ಏನು ಕೊಡುತ್ತದೆ, ಏನು ಕೊಡಲ್ಲ

2016ರ ರೇರಾ ಕಾಯ್ದೆ ಖರೀದಿದಾರರ ಕೈಗೆ ಬಂದ ಒಳ್ಳೇ ಆಯುಧ. 500 ಚದರ ಮೀಟರ್‌ಗಿಂತ ದೊಡ್ಡ ಲೇಔಟ್ ನೋಂದಣಿ ಆಗದೆ ಜಾಹೀರಾತು ಕೊಡುವಂತಿಲ್ಲ, ಬುಕಿಂಗ್ ತಗೊಳ್ಳುವಂತಿಲ್ಲ. ಏಜೆಂಟನಿಗೂ ನೋಂದಣಿ ಬೇಕು. ಕರಾರು ಪತ್ರ ರಿಜಿಸ್ಟರ್ ಆಗದೆ ಶೇ 10ಕ್ಕಿಂತ ಹೆಚ್ಚು ಹಣ ಕೇಳುವಂತಿಲ್ಲ. ಗ್ರಾಹಕರಿಂದ ಬಂದ ಹಣದಲ್ಲಿ ಶೇ 70 ಆ ಪ್ರಾಜೆಕ್ಟಿನದ್ದೇ ಪ್ರತ್ಯೇಕ ಖಾತೆಯಲ್ಲಿ ಇರಬೇಕು. ಹೇಳಿದ ದಿನಕ್ಕೆ ಕೊಡದಿದ್ದರೆ ಬಡ್ಡಿ ಸಮೇತ ವಾಪಸ್ ಕೇಳಬಹುದು.

ಆದರೆ ಆದೇಶ ಬಂದ ಮಾತ್ರಕ್ಕೆ ದುಡ್ಡು ಬರಲ್ಲ. ಬಿಲ್ಡರ್ ಕೊಡದಿದ್ದರೆ ಭೂ ಕಂದಾಯ ಬಾಕಿ ಥರ ವಸೂಲಿ ಮಾಡಬೇಕು. ಅಂದರೆ ಕಡತ ಮತ್ತೆ ಜಿಲ್ಲಾಧಿಕಾರಿ, ತಹಶೀಲ್ದಾರ್ ಕಚೇರಿಗೇ ಬರುತ್ತದೆ. ಅಲ್ಲಿ ತಿಂಗಳುಗಳು, ವರ್ಷಗಳು ಉರುಳುತ್ತವೆ. ರೇರಾ ನಂಬರ್ ಇದೆ ಅಂದರೆ ನೀರಿದೆ ಅಂತಲೂ ಅಲ್ಲ.

ಗೇಟ್ ವಿಚಾರಕ್ಕೂ ಇದೇ ಮಾತು. ನಕ್ಷೆ ಒಪ್ಪಿಗೆ ಆಗುವಾಗ ರಸ್ತೆ, ಪಾರ್ಕುಗಳನ್ನು ಪ್ರಾಧಿಕಾರಕ್ಕೋ ಸ್ಥಳೀಯ ಸಂಸ್ಥೆಗೋ ಬರೆದುಕೊಡಬೇಕು. ಬರೆದುಕೊಟ್ಟ ಮೇಲೆ ಅದು ಸಾರ್ವಜನಿಕ ರಸ್ತೆ. ಪಕ್ಕದ ಊರಿನ ರೈತ ಆ ದಾರಿಯಲ್ಲೇ ಎತ್ತಿನ ಗಾಡಿ ಹೊಡೆದುಕೊಂಡು ಹೋದರೆ ತಡೆಯೋ ಅಧಿಕಾರ ಸೆಕ್ಯುರಿಟಿಗೆ ಇಲ್ಲ. ‘ಗೇಟೆಡ್’ ಅಂತ ಜಾಸ್ತಿ ಕೊಟ್ಟ ದುಡ್ಡು ಯಾವುದಕ್ಕೆ ಅಂತ ಆಗ ಗೊತ್ತಾಗುತ್ತದೆ.

ಕೆಜಿಎಫ್ ಕಲಿಸಿದ್ದು

ಯೋಜನೆ ಹಾಕಿ ಕಟ್ಟಿದ ಕಾಲೊನಿ ಈ ಜಿಲ್ಲೆಗೆ ಹೊಸದಲ್ಲ. ಕೆಜಿಎಫ್ ಇದ್ದದ್ದೇ ಹಾಗೆ. 1902ರಲ್ಲೇ ಶಿವನಸಮುದ್ರದಿಂದ ಕರೆಂಟ್ ಬಂತು, ಬೇತಮಂಗಲದಿಂದ ನೀರು ಬಂತು. ಕ್ಲಬ್, ಆಸ್ಪತ್ರೆ, ಶಾಲೆ ಎಲ್ಲಾ ಇತ್ತು. ಎಲ್ಲಾ ಕಂಪನಿಯದ್ದು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಸೌಲಭ್ಯ ಕೊಡುತ್ತಿದ್ದವರು ಹೋದ ಮೇಲೆ ಕಾರ್ಮಿಕರ ಕುಟುಂಬಗಳು ತಾವೇ ಬಾಳಿದ ಮನೆಗಳ ಹಕ್ಕುಪತ್ರಕ್ಕೆ ವರ್ಷಗಟ್ಟಲೆ ಅಲೆದವು.

ಇವತ್ತಿನ ಲೇಔಟ್ ಬೇರೆ, ಅಂದಿನ ಗಣಿ ಬೇರೆ ನಿಜ. ಆದರೆ ಪ್ರಶ್ನೆ ಅದೇ. ಎಲ್ಲಾ ಸೈಟ್ ಮಾರಿ ಕಂಪನಿ ಹೊರಟ ಮೇಲೆ ಬೋರ್‌ವೆಲ್ ಮೋಟಾರ್ ಸುಟ್ಟರೆ ಯಾರು ಕಟ್ಟಿಸಬೇಕು? ಕೊಳಚೆ ನೀರಿನ ಘಟಕ ನಿಂತರೆ ಆ ನೀರು ಯಾವ ಕೆರೆಗೆ ಹರಿಯುತ್ತದೆ? ನಿವಾಸಿಗಳ ಸಂಘ ಮಾಡಿಸಿ, ಸಾಮಾನ್ಯ ಆಸ್ತಿಯನ್ನು ಕ್ರಮವಾಗಿ ಬರೆದುಕೊಡಬೇಕು ಅಂತ ರೇರಾ ಹೇಳುತ್ತದೆ. ಕೊಳ್ಳುವಾಗಲೇ ಅದು ಕರಾರಿನಲ್ಲಿ ಬರದಿದ್ದರೆ ಕೊನೆಗೆ ಜನ ಹೋಗೋದು ಗ್ರಾಮ ಪಂಚಾಯಿತಿ ಬಾಗಿಲಿಗೆ.

ಸ್ಥಳೀಯರಿಗೆ ಎಟುಕುತ್ತಾ?

ಉದಾಹರಣೆಗೆ 30 ಲಕ್ಷದ ಸೈಟ್ ಅಂತ ಇಟ್ಟುಕೊಳ್ಳಿ. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1ರಿಂದ ಶೇ 2ಕ್ಕೆ ಏರಿದೆ. ಶೇ 5 ಮುದ್ರಾಂಕ ಶುಲ್ಕ, ಸೆಸ್, ಸರ್‌ಚಾರ್ಜ್ ಸೇರಿ ಹಳ್ಳಿ ವ್ಯಾಪ್ತಿಯಲ್ಲಿ ಸುಮಾರು ಶೇ 7.65. ಅಂದರೆ 2,29,500 ರೂಪಾಯಿ ಸರ್ಕಾರಕ್ಕೆ. 20 ಲಕ್ಷ ಸಾಲ, ಶೇ 9 ಬಡ್ಡಿ, 20 ವರ್ಷ ಆದರೆ ತಿಂಗಳ ಕಂತು ಹತ್ತಿರ ಹತ್ತಿರ 18 ಸಾವಿರ. ಒಟ್ಟು ಕಟ್ಟೋದು 43 ಲಕ್ಷ ದಾಟುತ್ತದೆ. ಮನೆ ಕಟ್ಟೋ ಖರ್ಚು ಬೇರೆ.

ನರಸಾಪುರದ ಕಂಪನಿಗಳಲ್ಲಿ ಗುತ್ತಿಗೆ ಮೇಲೆ ದುಡಿಯೋ ಹುಡುಗ ಹುಡುಗಿಯರಿಗೆ ಈ ಕಂತು ಕನಸಿನ ಮಾತು. ಬೋರ್ಡಿನಲ್ಲಿರೋ ಮನೆ ಅವರಿಗಲ್ಲ. ಹೊಲ ಮಾರಿದ ರೈತನ ಮಗ ಅದೇ ಲೇಔಟ್‌ನಲ್ಲಿ ವಾಚ್‌ಮನ್ ಆಗೋದು ಈಗ ಯಾರಿಗೂ ಆಶ್ಚರ್ಯ ಅನ್ನಿಸಲ್ಲ. ಟೊಮೆಟೊ, ರೇಷ್ಮೆ, ಹಾಲು, ಮಾವು ನಂಬಿದ ಜಿಲ್ಲೆಯಲ್ಲಿ ಒಂದು ಎಕರೆ ಹೋದರೆ ವಾಪಸ್ ಬರಲ್ಲ.

ಅಡ್ವಾನ್ಸ್‌ಗೆ ಮೊದಲು

ಬಹುಪಾಲು ಪರಿಶೀಲನೆಗೆ ದೊಡ್ಡ ಖರ್ಚಿಲ್ಲ. ಇಷ್ಟಾದರೂ ಆಗಲಿ:

• ಸರ್ವೆ ನಂಬರ್ ತಗೊಂಡು ದಿಶಾಂಕ್ ಆ್ಯಪ್‌ನಲ್ಲಿ ನೋಡೋದು. ಕೆರೆ, ರಾಜಕಾಲುವೆ, ಸರ್ಕಾರಿ ಜಮೀನು ಪಕ್ಕದಲ್ಲಿದೆಯಾ ಗೊತ್ತಾಗುತ್ತದೆ.
• ಪಹಣಿ, ಮ್ಯುಟೇಷನ್, 30 ವರ್ಷದ ಇಸಿ, ಮಂಜೂರಾತಿ ಇದ್ದರೆ ಮೂಲ ಕಡತ. ‘ಬಿ’ ಖರಾಬು ಇದ್ದರೆ ಅದು ಮಾರೋ ಜಾಗವೇ ಅಲ್ಲ.
• ಪರಿವರ್ತನೆ ಆದೇಶ, ಪ್ರಾಧಿಕಾರದ ಅನುಮೋದಿತ ನಕ್ಷೆ, ಸೈಟ್ ಬಿಡುಗಡೆ ಪತ್ರ. ಮೂರೂ ಬೇಕು, ಒಂದರ ಬದಲು ಇನ್ನೊಂದು ನಡೆಯಲ್ಲ.
• ರೇರಾ ವೆಬ್‌ಸೈಟ್‌ನಲ್ಲಿ ನಂಬರ್ ಹಾಕಿ ನೋಡೋದು. ಏಜೆಂಟ್ ಕೊಟ್ಟ ಪಿಡಿಎಫ್ ನಂಬಿ ಕೂರೋದಲ್ಲ.
• ನೀರಿನ ಮೂಲ ಯಾವುದು, ಎಷ್ಟು ಬೋರ್‌ವೆಲ್, ಅನುಮತಿ ಇದೆಯಾ, ನೀರಿನ ಪರೀಕ್ಷಾ ವರದಿ ಎಲ್ಲಿ? ಉತ್ತರ ಕರಾರು ಪತ್ರದಲ್ಲಿ ಬರವಣಿಗೆಯಲ್ಲೇ ಇರಬೇಕು.
• ಏಪ್ರಿಲ್, ಮೇನಲ್ಲಿ ಒಂದು ದಿನ ಹೋಗಿ ಪಕ್ಕದ ಊರಿನವರನ್ನ ಕೇಳೋದು. ಯಾವ ಬೋರ್ ಯಾವಾಗ ನಿಂತಿತು ಅನ್ನೋದು ಅವರಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ.

ಇದು ಖರೀದಿದಾರರ ಕೆಲಸ ಮಾತ್ರ ಅಲ್ಲ. ಲೇಔಟ್ ಒಪ್ಪಿಗೆ ಕೊಡುವಾಗ ನೀರಿನ ಮೂಲ ತೋರಿಸಿ ಅಂತ ಪ್ರಾಧಿಕಾರಗಳು ಪಟ್ಟು ಹಿಡಿಯಬೇಕು. ಅನುಮೋದಿತ ಲೇಔಟ್‌ಗಳ ಪಟ್ಟಿಯನ್ನ ಸರ್ವೆ ನಂಬರ್ ಸಮೇತ ಪ್ರತಿ ಪಂಚಾಯಿತಿ ಕಚೇರಿಯ ಗೋಡೆಗೆ ಅಂಟಿಸೋಕೆ ಹೆಚ್ಚು ಖರ್ಚೇನೂ ಇಲ್ಲ. ಗ್ರಾಮಸಭೆಗಳಲ್ಲಿ ಬೋರ್‌ವೆಲ್ ವಿಚಾರ ಬಂದಾಗ ಲೇಔಟ್‌ಗಳ ಬೋರ್‌ವೆಲ್ ಲೆಕ್ಕವನ್ನೂ ಜನ ಕೇಳಬೇಕು. ಬೇಸಿಗೆಯಲ್ಲಿ ಟ್ಯಾಂಕರ್ ಹಿಂದೆ ಓಡಬೇಕಾಗೋದು ಗೋಡೆಯ ಎರಡೂ ಕಡೆಯವರು.